ಫ್ರೆಂಚ್ ಡಿಫೆನ್ಸು, ಡಿ4, ಮತ್ತೆ ಮೇಲಿನಮನೆ ಮೇಷ್ಟ್ರು

2024ರ ನವೆಂಬರ್ 25, ಸೋಮವಾರ. ಶಿವಮೊಗ್ಗದ ಎಪಿಎಂಸಿ ಯಾರ್ಡಲ್ಲಿ ಅಡಿಕೆ ಸೀಸನ್ನು ಜೋರಾಗ್ತಾ ಇತ್ತು, ನಾನು ಕೆಲಸ ಮಾಡೋ ಮಂಡಿಲಿ ಬೆಳಿಗ್ಗೆಯಿಂದ ಚೀಲ ಇಳಿಸ್ತಾನೇ ಇದ್ರು, ಅಡಿಕೆಲೇ ಬೇರೆ ಬೇರೆ ತರ, ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಇನ್ನೊಂದು ಮೂಲೆಲಿ. ನನ್ನ ಕೆಲಸ ಪಟ್ಟಿ ಬರೆಯೋದು. ಮಧ್ಯಾಹ್ನ ಎರಡೂವರೆಗೆ ಸಿಂಗಾಪುರದಲ್ಲಿ ನಮ್ಮ ಗುಕೇಶ್ ಮತ್ತೆ ಚೀನಾದ ಡಿಂಗ್ ಲಿರೆನ್ ನಡುವೆ ಚೆಸ್ ವರ್ಲ್ಡ್ ಚಾಂಪಿಯನ್‌ಶಿಪ್‌ನ ಮೊದಲನೇ ಗೇಮ್ ಶುರು ಅಂತ ಗೊತ್ತಿತ್ತು, ಹಾಗಾಗಿ ಮೊಬೈಲನ್ನ ಲೆಡ್ಜರಿಗೆ ಒರಗಿಸಿ ಇಟ್ಕೊಂಡಿದ್ದೆ. ಗುಕೇಶ್ ಇ4 ಆಡಿದ, ಅಂದ್ರೆ ರಾಜನ ಮುಂದಿನ ಪಾನ್, ಕಾಲಾಳು, ಎರಡು ಮನೆ ಮುಂದೆ (ಬೋರ್ಡಿನ ಉದ್ದ ಸಾಲುಗಳಿಗೆ ಎ ಇಂದ ಎಚ್, ಅಡ್ಡ ಸಾಲುಗಳಿಗೆ ಬಿಳಿ ಕಡೆಯಿಂದ 1ರಿಂದ 8, ಎರಡೂ ಸೇರಿಸಿ ಮನೆ ಹೆಸರು). ಡಿಂಗ್ ಇ6.

ನಾನು ಚಿಕ್ಕಂದಿನಿಂದ ಇ4ಗೆ ಇ5 ಆಡ್ಕೊಂಡು ಬಂದವನು, ಇ6 ಅಂದ್ರೆ ಹೆದರಿಕೊಂಡು ಒಂದೇ ಮನೆ ಮುಂದೆ ಹೋಗೋದು ಅಂತ ಅನ್ಕೊಂಡಿದ್ದೆ. ವರ್ಲ್ಡ್ ಚಾಂಪಿಯನ್ ಆದವನು ಇಂಥಾ ದೊಡ್ಡ ಗೇಮಲ್ಲಿ ಇದನ್ನ ಯಾಕೆ ಆಡ್ತಾನೆ ಅಂತ ಅರ್ಥ ಆಗ್ಲಿಲ್ಲ. ಸಾಯಂಕಾಲ ಯಾರ್ಡು ಖಾಲಿ ಆಗೋ ಹೊತ್ತಿಗೆ 42 ಮೂವಲ್ಲಿ ಡಿಂಗ್ ಗೆದ್ದಿದ್ದ, ಅದೂ ಕಪ್ಪು ಕಾಯಿಲಿ. ಗುಕೇಶ್ ಸೋತಿದ್ದಕ್ಕೆ ಬೇಜಾರಾಯ್ತು, ಅವತ್ತು ರಾತ್ರಿ ಊಟ ಸರಿ ಸೇರಲಿಲ್ಲ, ಆದ್ರೆ ಆ ಇ6 ತಲೆಯಿಂದ ಹೋಗ್ಲಿಲ್ಲ. ಆಮೇಲೆ ಡಿಸೆಂಬರ್ 12ಕ್ಕೆ ಏಳೂವರೆ-ಆರೂವರೆ ಪಾಯಿಂಟಲ್ಲಿ ಗುಕೇಶ್ 18ನೇ ವಯಸ್ಸಿಗೇ ಚಾಂಪಿಯನ್ ಆದಾಗ ಮಂಡಿಲಿ ಎಲ್ಲರಿಗೂ ಸ್ವೀಟ್ ತರಿಸಿದ್ದು ನಾನೇ. ಅಷ್ಟರಲ್ಲಿ ನಾನೂ ಫ್ರೆಂಚ್ ಡಿಫೆನ್ಸ್, ಅಂದ್ರೆ ಇ4ಗೆ ಇ6 ಉತ್ತರ ಕೊಡೋ ಆ ಆಟ, ಕಲಿಯೋಕೆ ಕೂತು ಎರಡು ವಾರ ಆಗಿತ್ತು.

ಕಲಿಯೋದು ಅಂದ್ರೆ ಮೊದಮೊದಲು ಬರೀ ಬಾಯಿಪಾಠ. ವಿಡಿಯೋ ನೋಡೋದು, ನೋಟ್‌ಬುಕ್ಕಲ್ಲಿ ಮೂವ್ ಬರ್ಕೊಳ್ಳೋದು. ಇ4 ಇ6, ಡಿ4 ಡಿ5, ಅಲ್ಲಿಗೆ ಬಿಳಿಯವನಿಗೆ ಮೂರು ನಾಲ್ಕು ದಾರಿ. ಮೊಬೈಲಿನ ಚೆಸ್ ಆ್ಯಪಲ್ಲಿ ನನ್ನ ಮಟ್ಟದವರು ಹೆಚ್ಚಾಗಿ ಆಡ್ತಿದ್ದದ್ದು ಇ5 ತಳ್ಳೋದು, ಅಡ್ವಾನ್ಸ್ ವೇರಿಯೇಷನ್ ಅಂತಾರಲ್ಲ ಅದು. ಅದಕ್ಕೆ ಉತ್ತರ ಬಾಯಿಪಾಠ ಮಾಡಿಟ್ಕೊಂಡಿದ್ದೆ: ಸಿ5, ಅವನು ಸಿ3, ನಾನು ಕುದುರೆ ಸಿ6, ಅವನು ಕುದುರೆ ಎಫ್3, ನಾನು ಕ್ವೀನ್ ಬಿ6. ಒಂದು ರಾತ್ರಿ ರೂಮಲ್ಲಿ ಹಿಂಗೇ ಆಡ್ತಾ ಇದ್ದೆ, ಎದುರಿನವನು ಬಿಷಪ್ ಡಿ3 ಇಟ್ಟ, ನಾನು ಸಿ ಪಾನಿಂದ ಡಿ4ನ ಹೊಡೆದೆ, ಅವನು ಸಿ ಪಾನಿಂದ ವಾಪಸ್ ತಗೊಂಡ. ಈಗ ನೋಡಿದ್ರೆ ಡಿ4ರ ಮೇಲೆ ನನ್ನ ಕುದುರೆ ಇದೆ, ಕ್ವೀನ್ ಇದೆ, ಅವನ ಕಡೆ ಕಾಯೋದು ಒಂದೇ ಕುದುರೆ, ಯಾಕಂದ್ರೆ ಅವನ ಕ್ವೀನ್ ಡಿ1ರಲ್ಲಿದೆ, ಅದರ ಮುಂದೆ ಅವನದೇ ಬಿಷಪ್ ಡಿ3ರಲ್ಲಿ ಅಡ್ಡ ಕೂತಿದೆ. ಪಾನ್ ಪುಕ್ಕಟೆ! ಕುದುರೆಯಿಂದ ಹೊಡೆದೆ, ಅವನು ಕುದುರೆಯಿಂದ ತಗೊಂಡ, ನಾನು ಕ್ವೀನಿಂದ ತಗೊಂಡೆ. ಕ್ವೀನ್ ಡಿ4ರಲ್ಲಿ ಹೋಗಿ ಕೂತಾಗ ಎಷ್ಟು ಖುಷಿ ಆಯ್ತು ಅಂದ್ರೆ ಎದ್ದು ನೀರು ಕುಡಿಯೋಕೆ ಹೋದೆ. ಬಂದು ನೋಡಿದ್ರೆ ಅವನ ಬಿಷಪ್ ಡಿ3ರಿಂದ ಬಿ5ಕ್ಕೆ ಹೋಗಿ ಚೆಕ್ ಕೊಟ್ಟಿದೆ. ರಾಜನಿಗೆ ಚೆಕ್ಕು, ಬಿಷಪ್ ಸರಿದಿದ್ದಕ್ಕೆ ಡಿ ಫೈಲ್, ಅಂದ್ರೆ ಡಿ ಉದ್ದ ಸಾಲು, ತೆಕ್ಕೊಂಡಿದೆ, ಅವನ ಕ್ವೀನ್ ನೇರ ನನ್ನ ಕ್ವೀನ್ ಮೇಲೆ. ಚೆಕ್ಕಿಗೆ ಎಂತ ಉತ್ತರ ಕೊಟ್ರೂ ಕ್ವೀನ್ ಹೋಯ್ತು.

ಇದು ಎಲ್ಲ ಕಡೆ ಇರೋ ಹಳೇ ಟ್ರ್ಯಾಪು. ನನ್ನ ನೋಟ್‌ಬುಕ್ಕಲ್ಲೂ ಇತ್ತು, "7ನೇ ಮೂವಲ್ಲಿ ಮೊದಲು ಬಿಷಪ್ ಡಿ7" ಅಂತ ನಾನೇ ಬರೆದಿದ್ದೆ. ಯಾಕೆ ಡಿ7 ಅಂತ ಮಾತ್ರ ಬರ್ಕೊಂಡಿರಲಿಲ್ಲ. ಬಿಷಪ್ ಮೊದಲೇ ಡಿ7ರಲ್ಲಿದ್ರೆ ಬಿ5ರಲ್ಲಿ ಚೆಕ್ ಅನ್ನೋದೇ ಇಲ್ಲ, ಅಷ್ಟೇ ವಿಷಯ. ಅಷ್ಟು ಗೊತ್ತಿಲ್ಲದೆ ಮೂವ್ ನೆನಪಿಟ್ಕೊಂಡು ಏನು ಬಂತು ಅಂತ ಬಹಳ ಬೇಸರ ಆಯ್ತು.

ನಮ್ಮೂರು ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆಗೆ ಹೋಗುವಾಗ ಒಳಗೆ ಸಿಗೋ ನಾಲ್ಕು ಮನೆ ಊರು. ಸೀಸನ್ನಲ್ಲಿ ಶನಿವಾರ ಸಾಯಂಕಾಲ ಬಸ್ ಹತ್ತಿ ಮನೆಗೆ ಹೋದ್ರೆ ಭಾನುವಾರ ಪೂರ್ತಿ ಅಡಿಕೆ ಕೆಲಸ. ರಾತ್ರಿ ಎಲ್ಲರೂ ಜಗಲಿಲಿ ಅಡಿಕೆ ಸುಲಿಯೋಕೆ ಕೂರ್ತಾರೆ, ಮೇಲಿನಮನೆ ಮೇಷ್ಟ್ರೂ ಕತ್ತಿ ತಗೊಂಡು ಬರ್ತಾರೆ. ಹೈಸ್ಕೂಲಲ್ಲಿ ಗಣಿತ ಹೇಳಿ ರಿಟೈರ್ ಆದವರು, ಹಿಂದೆ ಪೋಸ್ಟ್ ಕಾರ್ಡಲ್ಲಿ ಚೆಸ್ ಆಡ್ತಿದ್ರು ಅಂತ ಅಪ್ಪ ಹೇಳ್ತಿದ್ರು. ಡಿಸೆಂಬರಿನ ಆ ಭಾನುವಾರ ನಾನು ಸುಲೀತಾ ಸುಲೀತಾ ಆ ಟ್ರ್ಯಾಪ್ ಕಥೆ ಹೇಳ್ದೆ.

"ಫ್ರೆಂಚಾ? ಬೋರ್ಡ್ ತಗೊಂಡು ಬಾ ಮಾರಾಯ" ಅಂದ್ರು.

ನಾನು ಬಿಷಪ್ಪು ಕ್ವೀನು ಅಂತೀನಿ, ಅವರಿಗೆ ಇವತ್ತಿಗೂ ಒಂಟೆ, ಮಂತ್ರಿ, ಆನೆ, ಕಾಲಾಳು. ಅಡ್ವಾನ್ಸ್ ಪೊಸಿಷನ್ ಜೋಡಿಸಿ, ಪಾನ್ ಎರಡನ್ನ ಮಾತ್ರ ಬೆರಳಲ್ಲಿ ಮುಟ್ಟಿದ್ರು, ಬಿಳಿಯ ಡಿ4 ಮತ್ತೆ ಇ5. "ಇ5 ನಿನಗೆ ಕಾಟ ಕೊಡ್ತಿರೋದು. ಕುದುರೆನ ಎಫ್6ಗೆ ಬರೋಕೆ ಬಿಡ್ತಾ ಇಲ್ಲ, ನಿನ್ನ ರಾಜನ ಕಡೆ ಜಾಗನೇ ಇಲ್ಲ. ಆದ್ರೆ ಇ5 ನಿಂತಿರೋದು ಯಾರ ಮೇಲೆ?"

"ಡಿ4 ಮೇಲೆ."

"ಹಂಗಾದ್ರೆ ತುದಿಗೆ ಯಾಕೆ ಕೈ ಹಾಕ್ತೀಯ, ಬುಡ ನೋಡು."

ಇದು ಅವರ ಸ್ವಂತ ಮಾತೇನಲ್ಲ, ಪಾನ್ ಸರಪಳಿಯ ಬುಡಕ್ಕೆ ಹೊಡೀಬೇಕು ಅನ್ನೋದನ್ನ ಚೆಸ್ ಆಟಗಾರ ನಿಮ್ಜೊವಿಚ್ ನೂರು ವರ್ಷದ ಹಿಂದೆಯೇ ಒತ್ತಿ ಹೇಳಿದ್ದ ಅಂತ ಅವರೇ ಹೇಳಿದ್ರು. ಆದ್ರೆ ಅವರು ತೋರಿಸಿದ ರೀತಿ ನಾನು ಮರೆಯಲ್ಲ. ಪಕ್ಕದಲ್ಲಿದ್ದ ಗುಡ್ಡೆಯಿಂದ ಸುಲಿದ ಅಡಿಕೆ ಒಂದು ಮುಷ್ಟಿ, ಸುಲಿಯದ್ದು ಒಂದು ಮುಷ್ಟಿ ತಗೊಂಡ್ರು. ಡಿ4ಗೆ ಹೊಡೆಯೋ ನನ್ನ ಒಂದೊಂದು ಕಾಯಿಗೂ ಬೋರ್ಡಿನ ಈ ಕಡೆ ಒಂದು ಸುಲಿದ ಅಡಿಕೆ, ಕಾಯೋ ಬಿಳಿ ಕಾಯಿಗೆ ಆ ಕಡೆ ಒಂದು ಸಿಪ್ಪೆ ಸಮೇತದ್ದು. ಬಿಳಿ ಒಂಟೆನ ಈ ಸಲ ಡಿ3 ಬದಲು ಇ2ರಲ್ಲಿ ಇಟ್ರು, ಪಾನ್ ಬದಲಾವಣೆ ಆಯ್ತು. ಸಿ6 ಕುದುರೆಗೆ ಒಂದು ಅಡಿಕೆ. ಬಿ6 ಮಂತ್ರಿಗೆ ಒಂದು. ಬಿಳಿ ಕಡೆ ಎಫ್3 ಕುದುರೆಗೆ ಒಂದು, ಡಿ1 ಮಂತ್ರಿಗೆ ಒಂದು. ಎರಡಕ್ಕೆ ಎರಡು. "ಈಗ ಮೂರನೇದು ಎಲ್ಲಿಂದ ತರ್ತೀಯ?"

ನಾನು ಸುಮಾರು ಹೊತ್ತು ನೋಡ್ದೆ. ಜಿ8ರಲ್ಲಿ ಕುದುರೆ ಇದೆ, ಎಫ್6ಗೆ ಹೋಗೋ ಹಾಗಿಲ್ಲ. ಇ7ಕ್ಕೆ ಹೋಗಬಹುದು, ಅಲ್ಲಿಂದ ಎಫ್5. ಎಫ್5ರಿಂದ ಡಿ4! ಹೇಳಿದ್ದೇ ತಡ ಇನ್ನೊಂದು ಅಡಿಕೆ ಇಟ್ರು, ನನ್ನ ಕಡೆ ಮೂರಾಯ್ತು.

ಈಗ ಬಿಳಿಯವನು ಏನು ಮಾಡಬೇಕು ಅಂತ ನನ್ನ ಕೈಯಲ್ಲೇ ಹುಡುಕಿಸಿದ್ರು. ಸಿ1ರ ಒಂಟೆನ ಇ3ಗೆ ತಂದ್ರೆ ಡಿ4ಗೆ ಕಾವಲು ಸಿಗುತ್ತೆ, ಆದ್ರೆ ಬಿ2 ಪಾನ್ ಅನಾಥ, ಬಿ6ರ ನನ್ನ ಕ್ವೀನ್ ಅದನ್ನೇ ನೋಡ್ತಾ ಇದೆ. ಅಲ್ಲಿವರೆಗೆ ಕ್ವೀನ್ ಬಿ6ರಲ್ಲಿ ಸುಮ್ನೆ ಡಿ4 ನೋಡ್ತಾ ಕೂತಿದೆ ಅಂತ ಅನ್ಕೊಂಡಿದ್ದೆ, ಅದು ಒಂದೇ ಜಾಗದಲ್ಲಿ ಕೂತು ಎರಡು ಕೆಲಸ ಮಾಡ್ತಿದೆ, ಆ ಒಂಟೆನ ಸಿ1ರಲ್ಲೇ ಕಟ್ಟಿ ಹಾಕಿದೆ. ಕುದುರೆನ ಸಿ3ಗೆ ತಂದ್ರೆ ನೋಡೋಕೆ ಚೆಂದ, ಆದ್ರೆ ಸಿ3ರಿಂದ ಕುದುರೆ ಡಿ4ನ ಮುಟ್ಟೋದೇ ಇಲ್ಲ. ಹಾಗಾಗಿ ಬಿಳಿಯವನು ಪಾಪ ಕುದುರೆನ ಎ3ಗೆ ತಂದು ಅಲ್ಲಿಂದ ಸಿ2ಗೆ ಹೋಗಬೇಕು, ಸುತ್ತು ಹಾದಿ. ಸಿ2ಗೆ ಬಂದಾಗ ಮೂರಕ್ಕೆ ಮೂರು. ಅಷ್ಟಕ್ಕೇ ನಿಲ್ಲಲ್ಲ, ಆಗ ನನ್ನ ಎಫ್8ರ ಒಂಟೆ ಬಿ4ಗೆ ಹಾರಿ ಚೆಕ್ ಕೊಡುತ್ತೆ. ಬಿಳಿ ಒಂಟೆನ ಡಿ2ಕ್ಕೆ ಅಡ್ಡ ಇಟ್ರೆ ಡಿ1 ಮಂತ್ರಿಯ ದಾರಿ ಮುಚ್ಚಿ ಡಿ4ರ ಕಾವಲು ಒಂದು ಕಮ್ಮಿ ಆಗುತ್ತೆ, ಅದಕ್ಕೇ ದೊಡ್ಡ ಆಟಗಾರರೂ ಇಲ್ಲಿ ರಾಜನನ್ನೇ ಎಫ್1ಕ್ಕೆ ಸರಿಸ್ತಾರೆ, ಆಮೇಲೆ ಆ ಗೇಮಲ್ಲಿ ಅವರಿಗೆ ಕ್ಯಾಸಲಿಂಗ್, ಅಂದ್ರೆ ರಾಜನನ್ನ ಎರಡು ಮನೆ ಸರಿಸಿ ಆನೆನ ಅವನ ಪಕ್ಕಕ್ಕೆ ತರೋದು, ಇಲ್ಲ. ಒಂದು ಪಾನಿನ ಬುಡಕ್ಕೆ ಹತ್ತು ಮೂವು ಗಂಟುಬಿದ್ದಿದ್ದಕ್ಕೆ ರಾಜನೇ ಜಾಗ ಬಿಡಬೇಕಾಯ್ತು.

ಅವತ್ತು ಹನ್ನೊಂದು ಗಂಟೆ ಆದ್ರೂ ಕಾಫಿ ಕುಡೀತಾ ಕೂತಿದ್ವಿ, ಅಮ್ಮ ಬಂದು "ಆ ಅಡಿಕೆ ಗುಡ್ಡೆಗೆ ವಾಪಸ್ ಹಾಕಿ, ಬೆರಕೆ ಮಾಡಬೇಡಿ" ಅಂತ ಹೇಳಿ ಹೋದ್ರು. ನನಗೆ ಮೊದಲನೇ ಸಲ ಒಂದು ಓಪನಿಂಗ್, ಅಂದ್ರೆ ಆಟ ಶುರು ಮಾಡೋ ರೀತಿ, ಒಳಗಿಂದ ಕಾಣಿಸ್ತು. ಸಿ5, ಕುದುರೆ ಸಿ6, ಕ್ವೀನ್ ಬಿ6, ಕುದುರೆ ಇ7, ಕುದುರೆ ಎಫ್5, ಇವು ಬೇರೆ ಬೇರೆ ಐದು ಮೂವ್ ಅಲ್ಲ, ಎಲ್ಲಾ ಒಂದೇ ಡಿ4ರ ಮಾತು. ಇನ್ನು ಮರೆತುಹೋದ್ರೂ ಬೋರ್ಡ್ ನೋಡಿ ಹುಡುಕಿಕೊಳ್ಳಬಹುದು.

ಹಾಗಂತ ಮಾರನೇ ದಿನದಿಂದ ಗೆಲ್ಲೋಕೆ ಶುರು ಮಾಡಿದೆ ಅಂತಲ್ಲ. ಫ್ರೆಂಚಲ್ಲಿ ಒಂದು ದೊಡ್ಡ ತೊಂದರೆ ಇದೆ, ಸಿ8ರ ಬಿಷಪ್. ಸಿ8 ಬಿಳಿ ಮನೆ, ನನ್ನ ಪಾನುಗಳು ಇ6, ಡಿ5, ಅವೂ ಬಿಳಿ ಮನೆಗಳಲ್ಲೇ. ಆ ಬಿಷಪ್ ಎಲ್ಲಿ ನೋಡಿದ್ರೂ ನಮ್ಮದೇ ಪಾನ್ ಅಡ್ಡ. ಬ್ಯಾಡ್ ಬಿಷಪ್ ಅಂದ್ರೆ ಏನು ಅಂತ ಹೇಳಿಕೊಡೋರು ಇದನ್ನೇ ಉದಾಹರಣೆ ಕೊಡ್ತಾರೆ. ನಾನು ಇಪ್ಪತ್ತು ಇಪ್ಪತ್ತೈದು ಗೇಮಲ್ಲಿ ಅದನ್ನ ಅಲ್ಲೇ ಬಿಟ್ಟು ಆಡ್ತಿದ್ದೆ, ಕೊನೆಗೆ ಎಂಡ್‌ಗೇಮಲ್ಲಿ ಎದುರಿನವನ ಕುದುರೆ ಕುಣೀತಾ ಇರ್ತಿತ್ತು, ನನ್ನ ಬಿಷಪ್ ಡಿ7ರಲ್ಲಿ ಸತ್ತ ಹಾಗೆ ಕೂತಿರ್ತಿತ್ತು.

ಮೇಷ್ಟ್ರ ಹತ್ರ ಇದನ್ನ ಹೇಳಿಕೊಂಡಾಗ ಅವರು ನನ್ನ ಮೇಲೆ ಸ್ವಲ್ಪ ಸಿಟ್ಟಾದ್ರು. "ಅದು ಕೆಟ್ಟ ಒಂಟೆ ಅಂತ ಗೊತ್ತಿದ್ದೂ ಅದನ್ನ ಯಾಕೆ ಇಟ್ಕೊಂಡಿದ್ದೀಯ? ಅವನ ಒಳ್ಳೇ ಒಂಟೆಗೆ ಬದಲಾಯಿಸಿಕೋ." ಬಿಳಿಯವನ ಬಿಳಿ ಮನೆ ಒಂಟೆ ಡಿ3ರಲ್ಲೋ ಇ2ರಲ್ಲೋ ಇದ್ದು ನನ್ನ ರಾಜನ ಕಡೆ ನೋಡ್ತಿರುತ್ತೆ, ನನ್ನ ಕೆಲಸಕ್ಕೆ ಬಾರದ ಒಂಟೆ ಕೊಟ್ಟು ಅದನ್ನ ತಗೊಂಡ್ರೆ ಅದು ನನಗೆ ಲಾಭವೇ. ದಾರಿ ಎರಡು ತೋರಿಸಿದ್ರು. ಒಂದು, ಬಿ6 ತಳ್ಳಿ ಎ6ಗೆ ಬರೋದು, ಆದ್ರೆ ಕ್ವೀನ್ ಬಿ6ರಲ್ಲಿ ಕೂತಿದ್ರೆ ಅದು ಆಗಲ್ಲ. ಇನ್ನೊಂದು, ಡಿ7ಕ್ಕೆ ಬಂದು ಬಿ5ಗೆ ಹೋಗೋದು, ಆದ್ರೆ ನಡುವೆ ಸಿ6ರಲ್ಲಿ ನಮ್ಮದೇ ಕುದುರೆ ಇದೆ, ಅದು ಎ5ಗೆ ಸರಿದು ದಾರಿ ಬಿಡಬೇಕು. ಇದನ್ನ ಕೇಳಿದ್ಮೇಲೆ ನನ್ನ ಆಟದಲ್ಲಿ ಬದಲಾವಣೆ ನಿಜವಾಗ್ಲೂ ಕಾಣಿಸ್ತು. ಸಿ8ರ ಬಿಷಪ್ ಬಗ್ಗೆ ಏನೂ ಯೋಚನೆ ಇಲ್ಲದೆ ಫ್ರೆಂಚ್ ಆಡೋದಕ್ಕಿಂತ ಬೇರೆ ಏನಾದ್ರೂ ಆಡೋದು ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನು ಎಫ್6. ಬುಡಕ್ಕೆ ಹೊಡೆದ ಮೇಲೆ ತುದಿಗೂ ಹೊಡೀಬಹುದು, ಎಫ್6 ತಳ್ಳಿ ಇ5ನ ಒಡೆಯೋದು, ಆಗ ಎಫ್ ಫೈಲ್ ತೆಕ್ಕೊಂಡು ಆನೆಗೆ ಜೀವ ಬರುತ್ತೆ, ಡಿ7ರ ಬಿಷಪ್ ಕೂಡ ಇ8 ಮೇಲಿಂದ ಎಚ್5ಗೋ ಜಿ6ಗೋ ಹೊರಗೆ ಬರಬಹುದು. ಓದಿದಾಗ ಬಹಳ ಇಷ್ಟ ಆಗಿ ಆರನೇ ಮೂವಲ್ಲೇ ತಳ್ಳಿಬಿಟ್ಟೆ, ಕುದುರೆ ಇನ್ನೂ ಜಿ8ರಲ್ಲಿ, ರಾಜ ಇ8ರಲ್ಲಿ. ಇ5ನ ಹೊಡೆದೆ, ಅವನು ಎಫ್3 ಕುದುರೆಯಿಂದ ತಗೊಂಡ, ನಾನು ಸಿ6 ಕುದುರೆಯಿಂದ ತಗೊಂಡೆ, ಅವನು ಡಿ ಪಾನಿಂದ ತಗೊಂಡ, ನಾನು ನಿಧಾನಕ್ಕೆ ಬಿಷಪ್ ಡಿ7. ಆಗ ಎಫ್3 ಖಾಲಿ ಆಗಿದೆ ಅನ್ನೋದು ಕಣ್ಣಿಗೇ ಬಿದ್ದಿರಲಿಲ್ಲ. ಡಿ1ರಿಂದ ಕ್ವೀನ್ ಸೀದಾ ಎಚ್5ಗೆ ಬಂದು ಚೆಕ್. ಜಿ6 ಅಡ್ಡ ಇಟ್ಟೆ, ಡಿ3ರ ಬಿಷಪ್ ಬಂದು ಜಿ6ನ ಹೊಡೀತು, ಎಚ್ ಪಾನಿಂದ ತಗೊಂಡ್ರೆ ಎಚ್8ರ ಆನೆ ಕ್ವೀನಿಗೆ. ಹತ್ತು ಹನ್ನೆರಡು ಮೂವಲ್ಲಿ ಮುಗೀತು.

ಕ್ಯಾಸಲಿಂಗ್ ವಿಷಯದಲ್ಲೂ ಹಂಗೇ. ಬೇಗ ಕ್ಯಾಸಲ್ ಮಾಡು ಅಂತ ಚಿಕ್ಕಂದಿನಿಂದ ಕಲಿಸಿರ್ತಾರೆ, ಫ್ರೆಂಚಲ್ಲಿ ಮಾತ್ರ ಒಂದು ಸಲ ಡಿ3 ಬಿಷಪ್ ಕಡೆ ನೋಡಿ ಮಾಡಬೇಕು. ಇ5 ಪಾನಿಂದಾಗಿ ಎಫ್6ರಲ್ಲಿ ನಮ್ಮ ಕುದುರೆ ಇಲ್ಲ, ಎಚ್7ಕ್ಕೆ ಕಾವಲಿಗೆ ರಾಜ ಒಬ್ಬನೇ. ಅವನು ಬಿಷಪ್ ಕೊಟ್ಟು ಎಚ್7 ಹೊಡೆದು ಚೆಕ್, ರಾಜ ತಗೊಂಡ್ರೆ ಕುದುರೆ ಜಿ5 ಚೆಕ್, ಆಮೇಲೆ ಕ್ವೀನ್ ಎಚ್5. ನಾನು ಇದರಲ್ಲಿ ಒಂದೇ ವಾರದಲ್ಲಿ ಮೂರು ಸಲ ಸೋತೆ, ಮೂರೂ ಗೇಮನ್ನ ಬರ್ಕೊಂಡು ಹೋಗಿ ತೋರಿಸಿದೆ. ಮೇಷ್ಟ್ರು ಏನೂ ಮಾತಾಡದೆ ಎಫ್5ರಲ್ಲಿ ಒಂದು ಕಪ್ಪು ಕುದುರೆ ಇಟ್ಟು ನನ್ನ ಮುಖ ನೋಡಿದ್ರು. ಡಿ3, ಇ4, ಎಫ್5, ಜಿ6, ಎಚ್7, ಬಿಷಪ್ ದಾರಿ ನಡುವೆ ಕುದುರೆ ನಿಂತಿದೆ! ಡಿ4ನ ಹೊಡೆಯೋಕೆ ಅಂತ ಹೋದ ಕುದುರೆನೇ ನನ್ನ ರಾಜನಿಗೆ ಬಾಗಿಲು ಹಾಕಿ ಕೂತಿದೆ. ಆವಾಗಿಂದ ಎಫ್5 ಕುದುರೆ ಮೇಲೆ ನನಗೆ ಬೇರೆಯೇ ಪ್ರೀತಿ.

ಬೇರೆ ವೇರಿಯೇಷನ್ ಬಗ್ಗೆ ಜಾಸ್ತಿ ಹೇಳಲ್ಲ. ಎಕ್ಸ್‌ಚೇಂಜಲ್ಲಿ ಬಿಳಿಯವನೇ ಡಿ5ನ ಹೊಡೆದು ಪಾನ್ ಬದಲಾಯಿಸ್ತಾನೆ, ಸಿ8 ಬಿಷಪ್ಪಿಗೆ ದಾರಿ ತಾನಾಗೇ ಸಿಗುತ್ತೆ, ಎರಡೂ ಕಡೆ ಒಂದೇ ಥರ, ಗೆಲ್ಲಬೇಕು ಅನ್ನೋರಿಗೆ ಸ್ವಲ್ಪ ಸಪ್ಪೆ. ಡಿಂಗ್ ಆಡಿದ್ದು ಕುದುರೆ ಸಿ3 ಬಂದಾಗಿನ ಸ್ಟೈನಿಟ್ಸ್ ದಾರಿ, ಅಲ್ಲಿ ಬಿಳಿಯವನು ಎಫ್4 ಇಟ್ಟು ಇ5ಗೆ ಇನ್ನೊಂದು ಊರುಗೋಲು ಕೊಡ್ತಾನೆ, ಆದ್ರೂ ಕಪ್ಪಿನವನು ಕೇಳೋ ಪ್ರಶ್ನೆ ಅದೇ, ಸಿ5 ತಳ್ಳಿ ಡಿ4ನ ಕೇಳೋದು. ಬಿಷಪ್ ಬಿ4ಗೆ ಹೋಗೋ ವಿನಾವರ್ ದೊಡ್ಡ ಕಾಡು, ಅದರೊಳಗೆ ನಾನಿನ್ನೂ ಕಾಲಿಟ್ಟಿಲ್ಲ. ಬೊಟ್ವಿನ್ನಿಕ್, ಪೆಟ್ರೋಸಿಯನ್, ಕೊರ್ಚ್‌ನಾಯ್ ಎಲ್ಲರೂ ಫ್ರೆಂಚ್ ಆಡಿದವರು, ಪೂರ್ವ ಜರ್ಮನಿಯ ಉಲ್ಮನ್ ಅಂತೂ ಇ4ಗೆ ಜೀವಮಾನ ಪೂರ್ತಿ ಹೆಚ್ಚುಕಮ್ಮಿ ಇದೊಂದನ್ನೇ ಆಡಿದವರು. ಈ ಹೆಸರೆಲ್ಲ ಮೇಷ್ಟ್ರ ಬಾಯಲ್ಲಿ ಊರಿನ ನೆಂಟರ ಹೆಸರಿನ ಹಾಗೆ ಬರ್ತವೆ. ಫ್ರೆಂಚ್ ಅನ್ನೋ ಹೆಸರು ಯಾಕೆ ಬಂತು ಅಂತ ಹೇಳಿದ್ದೂ ಅವರೇ: 1834ರಲ್ಲಿ ಲಂಡನ್ನಿನವರಿಗೂ ಪ್ಯಾರಿಸ್ಸಿನವರಿಗೂ ಪತ್ರದಲ್ಲಿ ಒಂದು ಮ್ಯಾಚ್ ನಡೀತು, ಲಂಡನ್ನಿನವರು ಇ4 ಬರೆದು ಕಳಿಸಿದ್ರೆ ಪ್ಯಾರಿಸ್ಸಿಂದ ಬಂದ ಉತ್ತರ ಇ6. ಇದನ್ನ ಹೇಳುವಾಗ ಅವರ ಮುಖ ನೋಡ್ಬೇಕಿತ್ತು, ಪೋಸ್ಟ್ ಕಾರ್ಡಲ್ಲಿ ಆಡಿದವರಲ್ವಾ.

2025ರ ಜೂನಲ್ಲಿ ಮಳೆ ಹಿಡಿದಾಗ ಮೂರು ದಿನ ಊರಲ್ಲಿ ಉಳ್ಕೊಳ್ಳೋ ಹಾಗಾಯ್ತು. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಹೊರಗೆ ಹೆಂಚಿನ ಮೇಲೆ ಮಳೆ ಸದ್ದಿಗೆ ಮಾತು ಕೇಳಲ್ಲ. ಮೇಷ್ಟ್ರು ಕಂಬಳಿ ಕೊಪ್ಪೆ ಹಾಕ್ಕೊಂಡು ಇಳಿದು ಬಂದ್ರು, ಎಮರ್ಜೆನ್ಸಿ ಲೈಟಲ್ಲಿ ಬೋರ್ಡ್ ಇಟ್ವಿ. ಅವರು ಬಿಳಿ. ಇ4, ಇ6, ಅವರು ಬೇಕಂತಲೇ ಅಡಿಕೆಲಿ ತೋರಿಸಿದ ದಾರಿಗೇ ಕರ್ಕೊಂಡು ಹೋದ್ರು, ಬಿಷಪ್ ಇ2, ಕುದುರೆ ಎ3, ಕುದುರೆ ಸಿ2. ನಾನು ಬಿ4ರಲ್ಲಿ ಚೆಕ್ ಕೊಟ್ಟೆ, ರಾಜ ಎಫ್1ಕ್ಕೆ ಸರಿದ. ಬಿಷಪ್ ವಾಪಸ್ ಇ7. ಆಮೇಲೆ ಸಿ8ರದ್ದು ಡಿ7ಕ್ಕೆ, ಸಿ6 ಕುದುರೆ ಎ5ಗೆ, ದಾರಿ ಬಿಟ್ಟಾಯ್ತು. ಬಿಷಪ್ ಎತ್ತಿ ಬಿ5ರಲ್ಲಿ ಇಡುವಾಗ ನನ್ನ ಕೈ ಸಣ್ಣಕ್ಕೆ ನಡುಗ್ತಿತ್ತು. ಮೇಷ್ಟ್ರು ಬಹಳ ಹೊತ್ತು ನೋಡಿ ತಗೊಂಡ್ರು, ನಾನು ಕ್ವೀನಿಂದ ವಾಪಸ್ ತಗೊಂಡಾಗ ಎಫ್1ರ ರಾಜನಿಗೆ ಚೆಕ್ಕೂ ಆಯ್ತು. ಆರು ತಿಂಗಳು ನನ್ನ ಎಲ್ಲಾ ಗೇಮಲ್ಲೂ ಸತ್ತಂಗೆ ಕೂತಿದ್ದ ಬಿಷಪ್ ಅದು. ಬೋರ್ಡಿನ ಪಕ್ಕ ಅವರ ಇ2 ಒಂಟೆ ಜೊತೆ ಮಲಗಿಸಿ ಇಟ್ಟೆ. ಗೇಮ್ ಐವತ್ತು ಮೂವ್ ದಾಟಿ ಕೊನೆಗೆ ಎರಡೂ ಕಡೆ ಒಂದೊಂದು ಕುದುರೆ ಉಳಿದು ಡ್ರಾ ಆಯ್ತು. ಅವರ ಹತ್ರ ಫ್ರೆಂಚಲ್ಲಿ ಸೋಲದೇ ಎದ್ದಿದ್ದು ಅದೇ ಮೊದಲು.

ಹೊರಡುವಾಗ ಮೇಷ್ಟ್ರು, "ಮುಂದಿನ ಆಟ ಫೋನಲ್ಲಿ ಆಡುವ, ದಿನಕ್ಕೆ ಒಂದೇ ಮೂವು, ನೀನು ಕಪ್ಪೇ ಇಟ್ಕೋ" ಅಂದ್ರು. ಹಾಗೇ ನಡೀತಿದೆ. ಆರನೇ ಮೂವಿಗೆ ಫೋನ್ ಬಂದಾಗ ನಾನು ಪಟ್ಟಿ ಬರೀತಾ ಇದ್ದೆ, ಎದುರಿಗೆ ಹೊಸನಗರ ಕಡೆ ರೈತರೊಬ್ಬರು ಚೀಲದ ತೂಕ ಕೇಳ್ತಾ ನಿಂತಿದ್ರು. "ಈ ಸಲ ಒಂಟೆ ಅಲ್ಲ, ಕಾಲಾಳು, ಎ3" ಅಂದು ಫೋನ್ ಇಟ್ರು. ಎ3 ಅಂದ್ರೆ ಮುಂದೆ ಬಿ4 ತಳ್ಳೋ ಯೋಚನೆ, ನನ್ನ ಸಿ5ನ ಕದಲಿಸೋದು. ಖಾಲಿ ಪಟ್ಟಿ ಹಿಂದೆ ಪೊಸಿಷನ್ ಬರ್ಕೊಂಡು ಎರಡು ದಿನ ಜೇಬಲ್ಲಿ ಇಟ್ಕೊಂಡು ತಿರುಗಿದೆ. ಸಿ4 ತಳ್ಳಿದ್ರೆ ಡಿ4 ಮೇಲಿನ ಒತ್ತಡ ನಾನೇ ಬಿಟ್ಟುಕೊಟ್ಟ ಹಾಗೆ, ಆದ್ರೆ ಎ ಪಾನ್ ಮುಂದೆ ಹೋಗಿರೋದಕ್ಕೆ ಬಿ3 ಮನೆ ಕಾಯೋ ಪಾನ್ ಇಲ್ಲ, ನನ್ನ ಕುದುರೆ ಎ5 ಮೇಲಿಂದ ಅಲ್ಲಿಗೆ ಹೋಗಿ ಕೂರಬಹುದು. ಡಿ4 ಬಿಟ್ಟು ಬೇರೆ ಮನೆ ನೋಡಿದ್ದು ಇದೇ ಮೊದಲು. ಮೂರನೇ ದಿನ ಬೆಳಿಗ್ಗೆ ಮಂಡಿ ಬಾಗಿಲು ತೆಗೆಯೋ ಮುಂಚೆ ಫೋನ್ ಮಾಡಿ "ಸಿ4 ಮೇಷ್ಟ್ರೇ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ ಇತ್ತು. "ತಡಿ, ಕನ್ನಡಕ ಹಾಕ್ಕೊಂಡು ನೋಡ್ತೀನಿ" ಅಂದ್ರು.